ದಾರಿ ತಪ್ಪಲು ಅರವತ್ತು ಸಾವಿರ

ನಮ್ಮ ವಾಟ್ಸಾಪ್ ಗುಂಪಿನಲ್ಲಿ ನಲವತ್ತೆರಡು ಜನ ಇದ್ದೆವು. ನನ್ನನ್ನು ಬಿಟ್ಟು ಎಲ್ಲರ ಹತ್ತಿರವೂ ನಾಲ್ಕು ಗಾಲಿಗೂ ಎಂಜಿನ್ನಿನ ಎಳೆತ ಸಿಗುವ ಗಾಡಿಗಳಿವೆ. ವಾರದಲ್ಲಿ ಐದು ದಿನ ಅವು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಗೂಟಕ್ಕೆ ಕಟ್ಟಿದ ಹೋರಿಗಳಂತೆ ನಿಂತಿರುತ್ತವೆ. ಶನಿವಾರ ಬೆಳಗಿನ ಜಾವ ಹಗ್ಗ ಬಿಚ್ಚುತ್ತಾರೆ. ಗುಂಪಿನಲ್ಲಿ ಮನುಷ್ಯರ ಹೆಸರಿಗೆ ಬಳಕೆಯಿಲ್ಲ, ಗಾಡಿಯ ಹೆಸರೇ ಮನೆತನ. ಕಪ್ಪು ಥಾರ್‌ನವರು, ಹಸಿರು ಜಿಮ್ನಿಯವರು, ಗೂರ್ಖಾದವರು, ಮತ್ತೆ ಇವರೆಲ್ಲರ ಮೇಲೆ, ಹಳೇ ಜಿಪ್ಸಿ ಇಟ್ಟುಕೊಂಡು ಮಿಕ್ಕವರತ್ತ ಕನಿಕರದಿಂದ ನೋಡುವ ಅಡ್ಮಿನ್ ಸಾಹೇಬರು. ನನಗೆ ಗಾಡಿಯಿಲ್ಲ. ನಕ್ಷೆ ಓದಲು ಬರುತ್ತದೆ ಎಂಬ ಒಂದೇ ಯೋಗ್ಯತೆಯ ಮೇಲೆ, ಮದುವೆ ದಿಬ್ಬಣದಲ್ಲಿ ಪುರೋಹಿತರಿಗೆ ಜಾಗ ಮಾಡಿಕೊಡುವ ಹಾಗೆ, ನನಗೂ ಯಾರಾದರೊಬ್ಬರು ಮುಂದಿನ ಸೀಟು ಕೊಡುತ್ತಾರೆ.

ಏಪ್ರಿಲ್‌ನಲ್ಲಿ ಅಡ್ಮಿನ್ ಸಾಹೇಬರ ಫರ್ಮಾನು ಬಂತು. ಈ ಮಳೆಗಾಲದಲ್ಲಿ ಸಕಲೇಶಪುರದಿಂದ ಬಿಸಿಲೆ ಕಡೆಗೆ, ಆದಷ್ಟೂ ಡಾಂಬರು ಮುಟ್ಟದೆ ಹೋಗುವುದು. ಪ್ರತಿ ಗಾಡಿಯಲ್ಲೂ ಒಂದು ಟ್ಯಾಬ್ಲೆಟ್ ಕಡ್ಡಾಯ, ಫೋನು ಸಾಲದು. ಏಕೆ ಸಾಲದು ಎಂದು ಕೇಳಿದ ಒಬ್ಬ ಹುಡುಗನನ್ನು ಗುಂಪಿನಿಂದ ತೆಗೆದರು. ಹೀಗೆ ನಲವತ್ತೊಂದಾದೆವು.

ನಿಜ ಹೇಳಬೇಕೆಂದರೆ ಆ ಪ್ರಶ್ನೆಗೆ ಉತ್ತರವಿತ್ತು. ಕಲ್ಲು ಗುಂಡಿಗಳ ದಾರಿಯಲ್ಲಿ ಗಾಡಿ ಕುಣಿಯುವಾಗ ಐದಾರು ಇಂಚಿನ ಪರದೆಯಲ್ಲಿ ಎಳೆ ಗೆರೆ ಕಾಣುವುದಿಲ್ಲ, ಬೆರಳು ಇಟ್ಟ ಕಡೆ ನಿಲ್ಲುವುದಿಲ್ಲ. ಎಂಟು ಇಂಚಿದ್ದರೆ ಕಣ್ಣಿಗೂ ಬೆರಳಿಗೂ ಹಿತ. ಇಷ್ಟನ್ನು ಹೇಳಿ ಮುಗಿಸಬಹುದಾಗಿದ್ದ ಮಾತು ಏಪ್ರಿಲ್‌ನಿಂದ ಜೂನ್ ಕೊನೆಯವರೆಗೆ ನಡೆಯಿತು. ಆ ಅವಧಿಯಲ್ಲಿ ಒಂದು ಗಾಡಿಯೂ ಬೇಸ್‌ಮೆಂಟ್ ಬಿಟ್ಟು ಏಳಲಿಲ್ಲ. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲೆಣಿಸಿ, ಬೆನ್ನ ಮೇಲಿನ ಸುಳಿ ನೋಡಿ, ಬಾಲ ತಿರುವಿ ಪರೀಕ್ಷಿಸುತ್ತಾರಲ್ಲ, ಹಾಗೆ ಟ್ಯಾಬ್ಲೆಟ್‌ಗಳ ಸುಳಿ ನೋಡಿದರು. ಒಂದು ವ್ಯತ್ಯಾಸವೆಂದರೆ, ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನಿಗೆ ತಾನು ಯಾರ ಹೊಲ ಉಳಬೇಕು ಎಂಬುದು ಮೊದಲೇ ಗೊತ್ತಿರುತ್ತದೆ.

ಮೊದಲ ಸುಳಿ ಮಿಲಿಟರಿ ಪ್ರಮಾಣಪತ್ರದ್ದು. ಗಟ್ಟಿಮುಟ್ಟು ಟ್ಯಾಬ್ಲೆಟ್‌ಗಳ ಡಬ್ಬಿಯ ಮೇಲೆ ‘ಮಿಲ್-ಎಸ್‌ಟಿಡಿ-810’ ಎಂದು ಅಚ್ಚಾಗಿರುತ್ತದೆ. ಅದು ಅಮೆರಿಕದ ಸೈನ್ಯದ ಪರೀಕ್ಷಾ ವಿಧಾನಗಳ ಕಟ್ಟು. ಬೀಳಿಸುವುದು, ಅಲುಗಾಡಿಸುವುದು, ಕಾಯಿಸುವುದು, ಮಳೆಗೆ ಒಡ್ಡುವುದು ಎಲ್ಲ ಅದರಲ್ಲಿದೆ. ಯಾವ ಪರೀಕ್ಷೆ ಆರಿಸಬೇಕು, ಹೇಗೆ ನಡೆಸಬೇಕು ಎಂಬುದನ್ನು ತಯಾರಕರೇ ನಿರ್ಧರಿಸಿಕೊಂಡು, ತಾವೇ ಪಾಸು ಮಾಡಿಕೊಂಡು, ತಾವೇ ಅಚ್ಚು ಹಾಕಿಕೊಳ್ಳಬಹುದು. ಯಾವ ಸುಬೇದಾರನೂ ಬಂದು ನೋಡುವುದಿಲ್ಲ. ನಮ್ಮ ಕಪ್ಪು ಥಾರ್‌ನವರು ಮಾತ್ರ ‘ಇದು ಆರ್ಮಿಯವರು ಬಳಸೋದು ಗುರೂ’ ಎನ್ನುವಾಗ ದನಿಯನ್ನು ಒಂದು ಮಟ್ಟ ಇಳಿಸುತ್ತಿದ್ದರು, ಗಡಿಯಾಚೆ ಕೇಳಿಸೀತೆಂಬಂತೆ.

ಎರಡನೆಯ ಸುಳಿ ಬಿಸಿಲು. ಸಾಮಾನ್ಯ ಟ್ಯಾಬ್ಲೆಟ್ಟಿನ ಪರದೆ ಡ್ರಾಯಿಂಗ್ ರೂಮಿನಲ್ಲಿ ಹೊಳೆಯುತ್ತದೆ. ವಿಂಡ್‌ಶೀಲ್ಡ್ ಹಿಂದೆ ನೇರ ಬಿಸಿಲು ಬಿದ್ದರೆ ಅದರಲ್ಲಿ ನಮ್ಮ ಮುಖವೇ ಕಾಣುತ್ತದೆ. ಕೆಲವರಿಗೆ ಅದೂ ಬೇಕಾದದ್ದೇ. ಬೆಳಕಿನ ಅಳತೆಯನ್ನು ‘ನಿಟ್’ ಲೆಕ್ಕದಲ್ಲಿ ಹೇಳುತ್ತಾರೆ. ಗುಂಪಿನಲ್ಲಿ ಎರಡು ವಾರ ನಿಟ್ ಎಣಿಸಿದ್ದಾಯಿತು. ಆಮೇಲೆ ಯಾರೋ ಐಪ್ಯಾಡ್ ಜೊತೆ ಬರುವ ಕಾಗದ ಓದಿ, ಸುತ್ತಲಿನ ಉಷ್ಣಾಂಶ 0ಯಿಂದ 35 ಡಿಗ್ರಿ ಸೆಲ್ಸಿಯಸ್ ಒಳಗಿರುವಾಗ ಬಳಸಬೇಕು ಎಂದಿದೆ ಎಂಬ ಸುದ್ದಿ ತಂದರು. ಈ ಲೆಕ್ಕದಲ್ಲಿ ಕಲಬುರಗಿಯವರು ಯುಗಾದಿಯಿಂದ ಮಳೆ ಬೀಳುವ ತನಕ ಅದನ್ನು ಹೊರಗೆ ತೆಗೆಯುವಂತಿಲ್ಲ. ಮಲೆನಾಡಿಗೆ ಹೊರಟವರಿಗೆ ಬಿಸಿಲಿನ ಚಿಂತೆ ಯಾಕೆ ಎಂದು ಕೇಳಬೇಕೆನ್ನಿಸಿತು. ಆ ಹುಡುಗನಿಗೆ ಆದದ್ದು ನೆನಪಾಗಿ ಸುಮ್ಮನಾದೆ. ಮಳೆಹನಿ ಬಿದ್ದ ಪರದೆ, ಹನಿಯನ್ನೇ ಬೆರಳೆಂದು ನಂಬಿ ತನಗೆ ತಾನೇ ನಕ್ಷೆಯನ್ನು ಮಂಗಳೂರಿಗೋ ಮಾಲ್ಡೀವ್ಸ್‌ಗೋ ಎಳೆದುಕೊಂಡು ಹೋಗುತ್ತದೆ. ಜುಲೈ ಪ್ರವಾಸಕ್ಕೆ ಕೇಳಬೇಕಾದ ಮಾತು ಅದಾಗಿತ್ತು. ಯಾರೂ ಕೇಳಲಿಲ್ಲ.

ಮೂರನೆಯದು ಸುಳಿಯಲ್ಲ, ಹಲ್ಲೇ. ಟ್ಯಾಬ್ಲೆಟ್ಟಿನಲ್ಲಿ ಜಿಪಿಎಸ್ ಚಿಪ್ ಇದೆಯೇ ಇಲ್ಲವೇ ಎಂಬುದು. ಐಪ್ಯಾಡ್ ಆದರೆ ಸಿಮ್ ಸೌಲಭ್ಯವಿರುವ ಮಾದರಿಗೆ ಮಾತ್ರ ಆ ಚಿಪ್ ಇರುತ್ತದೆ, ಬರೀ ವೈಫೈ ಮಾದರಿಗೆ ಇಲ್ಲ. ಬೇರೆ ಕಂಪನಿಗಳಲ್ಲೂ ಮಾದರಿ ಮಾದರಿಗೆ ಬೇರೆ. ಚಿಪ್ ಇಲ್ಲದ ಟ್ಯಾಬ್ಲೆಟ್ ಸುತ್ತಮುತ್ತಲ ವೈಫೈಗಳ ಹೆಸರು ಕೇಳಿಕೊಂಡು ತಾನೆಲ್ಲಿದ್ದೇನೆಂದು ಅಂದಾಜು ಮಾಡುತ್ತದೆ. ಮಲ್ಲೇಶ್ವರದಲ್ಲಿ ಇದು ಸಲೀಸು. ಹೆತ್ತೂರಿನಾಚೆ ಕಾಫಿ ಗಿಡಗಳ ಮಧ್ಯೆ ಯಾವ ವೈಫೈ ಬಂದು ಹೆಸರು ಹೇಳಬೇಕು? ಮೂರು ತಿಂಗಳ ಚರ್ಚೆಯಲ್ಲಿ ಈ ವಿಷಯಕ್ಕೆ ಬಂದದ್ದು ಒಂದೇ ಒಂದು ಸಂದೇಶ. ಅದು ನನ್ನದು. ಅದರ ಕೆಳಗೆ ಹಸಿರು ಜಿಮ್ನಿಯವರು ಗುಡ್ ಮಾರ್ನಿಂಗ್ ಹೂವು ಹಾಕಿದ್ದರು.

ಜಿಪಿಎಸ್‌ಗೆ ನೆಟ್ ಬೇಕು ಎಂಬ ನಂಬಿಕೆಯೂ ಗುಂಪಿನಲ್ಲಿ ಗಟ್ಟಿಯಾಗಿ ಬೇರು ಬಿಟ್ಟಿದೆ. 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ‘ಈಗ ಇಷ್ಟು ಗಂಟೆ, ನಾನು ಇಲ್ಲಿದ್ದೇನೆ’ ಎಂದು ಸಾರುತ್ತಾ ಹೋಗುತ್ತವೆ. ಕನಿಷ್ಠ ನಾಲ್ಕರ ಮಾತು ಕಿವಿಗೆ ಬಿದ್ದರೆ ಚಿಪ್ ತನ್ನ ಜಾಗ ಲೆಕ್ಕ ಹಾಕಿಕೊಳ್ಳುತ್ತದೆ. ರೀಚಾರ್ಜ್ ಬೇಡ, ಟವರ್ ಬೇಡ. ನೆಟ್ ಬೇಕಾಗುವುದು ನಕ್ಷೆಗೆ. ಅದನ್ನು ಮನೆಯಲ್ಲೇ ಇಳಿಸಿಕೊಂಡು ಹೊರಟರೆ ಮುಗಿಯಿತು. ಗೂರ್ಖಾದವರು ಇದಕ್ಕೂ ಒಪ್ಪದೆ, ಅಮೆರಿಕದ ಉಪಗ್ರಹ ನಂಬಬಾರದು, ನಮ್ಮ ನಾವಿಕ್ ಇರುವ ಟ್ಯಾಬ್ಲೆಟ್ಟೇ ಬೇಕು ಎಂದು ಹಟ ಹಿಡಿದರು. ಇಸ್ರೋದ ನಾವಿಕ್ ಕೇಂದ್ರ ಇರುವುದು ಬೆಂಗಳೂರಿನ ಪಕ್ಕದ ಬ್ಯಾಲಾಳುವಿನಲ್ಲಿ, ಅವರ ಸೈಟಿನಿಂದ ಅರ್ಧ ಗಂಟೆ. ದೇಶಭಕ್ತಿಗೆ ಸೈಟಿನ ಬೆಲೆಯೂ ಸೇರಿದರೆ ವಾದ ಗೆಲ್ಲುವುದು ಕಷ್ಟ.

ಒಟ್ಟಿನಲ್ಲಿ ಟ್ಯಾಬ್ಲೆಟ್, ಡ್ಯಾಶ್‌ಬೋರ್ಡಿಗೆ ಬಿಗಿಯುವ ಹಿಡಿಕೆ, ಚಾರ್ಜರು, ಆಪ್‌ಗಳ ಚಂದಾ ಎಲ್ಲ ಸೇರಿ ಒಬ್ಬೊಬ್ಬರದೂ ₹60 ಸಾವಿರದ ಆಸುಪಾಸಿಗೆ ಬಂತು. ಈ ದೇಶವನ್ನು ಮೊದಲು ಅಳೆದವರ ಸಾಮಾನಿನ ನೆನಪಾಯಿತು. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ತ್ರಿಕೋನ ಸರ್ವೆಗೆ ಕೈಹಾಕಿದ ವಿಲಿಯಂ ಲ್ಯಾಂಬ್ಟನ್ ಬಳಿ ಅರ್ಧ ಟನ್ ತೂಕದ ಥಿಯೋಡೊಲೈಟ್ ಇತ್ತು. ಅದನ್ನು ಕೂಲಿಯವರು ಹೊತ್ತು ಬೆಟ್ಟ ಹತ್ತಬೇಕಿತ್ತು, ಬೆಟ್ಟವಿಲ್ಲದ ಕಡೆ ಗೋಪುರದ ಮೇಲೇರಿಸಬೇಕಿತ್ತು. 1808ರಲ್ಲಿ ತಂಜಾವೂರಿನ ದೊಡ್ಡ ದೇವಸ್ಥಾನದ ಮೇಲಕ್ಕೆ ಎಳೆಯುವಾಗ ಹಗ್ಗ ಕೈಕೊಟ್ಟು ಯಂತ್ರ ಗೋಡೆಗೆ ಬಡಿಯಿತು. ಲ್ಯಾಂಬ್ಟನ್ ಬಾಗಿಲು ಹಾಕಿಕೊಂಡು ವಾರಗಟ್ಟಲೆ ಕೂತು ತಾನೇ ಅದನ್ನು ರಿಪೇರಿ ಮಾಡಿದ. ಬೀಳಿಸುವ ಪರೀಕ್ಷೆ ಎಂದರೆ ಅದು. ನಮ್ಮ ಕಪ್ಪು ಥಾರ್‌ನವರು ಟ್ಯಾಬ್ಲೆಟ್ಟನ್ನು ಮೆತ್ತನೆಯ ಉಣ್ಣೆ ಚೀಲದಲ್ಲಿಟ್ಟು, ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬಂದರು.

ಇನ್ನು ನಕ್ಷೆಯ ಸಾಫ್ಟ್‌ವೇರ್. ಗೂರ್ಖಾದವರ ಭಾವಮೈದುನ ಅಮೆರಿಕದ ಯೂಟಾದಲ್ಲಿದ್ದಾನೆ. ಅವನ ಶಿಫಾರಸಿನ ಮೇಲೆ ಅಲ್ಲಿನ ಒಂದು ಆಪ್‌ಗೆ ವರ್ಷದ ಚಂದಾ ಕಟ್ಟಿದರು. ತೆರೆದರೆ ಕೆಂಪು ಕಲ್ಲಿನ ಕಣಿವೆಗಳೆಲ್ಲ ಮೊಣಕಾಲೆತ್ತರದ ಬಂಡೆ ಸಮೇತ ಕಾಣುತ್ತವೆ. ಹಾಸನ ಜಿಲ್ಲೆ ಮಾತ್ರ ಮದುವೆಗೆ ಮುಂಚಿನ ಗೋಡೆಯಂತೆ ಬಿಳುಪಾಗಿದೆ. ಅಲ್ಲಿನವರ ಆಪ್‌ಗಳ ಹಿಂದೆ ಒಂದು ಸಂಗತಿ ಇದೆ, ಅದನ್ನು ನಮ್ಮವರಾರೂ ಗಮನಿಸಲಿಲ್ಲ. ಮೊಂಟಾನಾ ರಾಜ್ಯದಲ್ಲಿ 2009ರಲ್ಲಿ ಹುಟ್ಟಿದ ಆನ್‌ಎಕ್ಸ್ ಮೊದಲು ಬೇಟೆಗಾರರಿಗಾಗಿ ಮಾಡಿದ್ದು. ಯಾವ ಜಮೀನು ಸರ್ಕಾರದ್ದು, ಯಾವುದು ಖಾಸಗಿ, ಮಾಲೀಕ ಯಾರು ಎಂದು ಪರದೆಯ ಮೇಲೆ ತೋರಿಸುವುದೇ ಅದರ ಬಂಡವಾಳ. ಅಪ್ಪಣೆಯಿಲ್ಲದೆ ಇನ್ನೊಬ್ಬನ ಬೇಲಿ ದಾಟದಿರಲು ಅಲ್ಲಿನ ಜನ ದುಡ್ಡು ಕೊಟ್ಟು ನಕ್ಷೆ ಕೊಳ್ಳುತ್ತಾರೆ. ನಮ್ಮ ಗುಂಪಿನಲ್ಲಿ ಆ ಆಪ್‌ಗಳ ಬಣ್ಣ, ಮೂರು ಆಯಾಮ, ದಾರಿಯ ಕಷ್ಟಕ್ಕೆ ಕೊಡುವ ಅಂಕ ಎಲ್ಲದರ ಗುಣಗಾನ ನಡೆಯಿತು. ಬೇಲಿಯ ಮಾತು ಬರಲೇ ಇಲ್ಲ.

ಸರ್ವೆ ಆಫ್ ಇಂಡಿಯಾದ ಹಾಳೆ ನೋಡೋಣ ಎಂದೆ. 1767ರಲ್ಲಿ ಶುರುವಾದ ಇಲಾಖೆ, 1:50,000 ಪ್ರಮಾಣದ ಟೋಪೋಶೀಟು, ನೆಲದ ಮೇಲಿನ ಒಂದು ಕಿಲೋಮೀಟರ್ ಹಾಳೆಯ ಮೇಲೆ ಎರಡು ಸೆಂಟಿಮೀಟರ್. ಸಕಲೇಶಪುರ ಇರುವುದು 48ಪಿ/13ರಲ್ಲಿ. ಬಂಡಿದಾರಿ, ಕಾಲುದಾರಿ, ಬಾವಿ, ಅಂಚೆ ಕಚೇರಿ, ಪ್ರವಾಸಿ ಬಂಗಲೆ ಎಲ್ಲಕ್ಕೂ ಅದರಲ್ಲಿ ಗುರುತುಂಟು. ಅಡ್ಮಿನ್ ಸಾಹೇಬರು ‘ಅದರಲ್ಲಿ ನೀಲಿ ಚುಕ್ಕೆ ಓಡುತ್ತಾ?’ ಎಂದರು. ಕಾಗದದಲ್ಲಿ ಓಡುವುದಿಲ್ಲ ಎಂದೆ. ವಿಷಯ ಮುಗಿಯಿತು.

ಕೊನೆಗೆ ಎಲ್ಲರೂ ಬಂದು ನಿಂತದ್ದು ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರದ ಬಿಟ್ಟಿ ಆಪ್‌ಗಳ ಹತ್ತಿರ. ₹60 ಸಾವಿರದ ಮೆರವಣಿಗೆಯ ಕೊನೆಗೆ ಬಿಟ್ಟಿ ಪ್ರಸಾದ. 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಈ ನಕ್ಷೆಯನ್ನು ಲೋಕದ ತುಂಬ ಸ್ವಯಂಸೇವಕರು ಬರೆಯುತ್ತಾರೆ, ಯಾರು ಬೇಕಾದರೂ ತಿದ್ದಬಹುದು. ಉಪಗ್ರಹದ ಚಿತ್ರ ಹರಡಿಕೊಂಡು, ಮರಗಳ ನಡುವೆ ಕಾಣುವ ಕೆಂಪು ಮಣ್ಣಿನ ಗೆರೆಯ ಮೇಲೆ ಮೌಸ್ ಎಳೆದರೆ ಒಂದು ದಾರಿ ಹುಟ್ಟುತ್ತದೆ. ‘ಟ್ರ್ಯಾಕ್’ ಎಂದು ಹೆಸರಿಟ್ಟು ಉಳಿಸಿದರೆ ಸಾಕು. ಆ ದಾರಿಗೆ ಗೇಟಿದೆಯೇ, ಅದು ಖಾಸಗಿಯೇ ಎಂದು ಬರೆಯಲೂ ಅದರಲ್ಲಿ ಕ್ರಮವಾದ ಜಾಗವಿದೆ. ಬರೆಯುವವರು ಕಡಿಮೆ, ಏಕೆಂದರೆ ಉಪಗ್ರಹದ ಚಿತ್ರದಲ್ಲಿ ಬೀಗ ಕಾಣುವುದಿಲ್ಲ. 2020ರ ಲಾಕ್‌ಡೌನಿನಲ್ಲಿ ಮನೆಯಿಂದ ಆಚೆ ಬರಲಾಗದೆ ಕೂತವರಲ್ಲಿ ಕೆಲವರು ಬಾಳೆಹಣ್ಣಿನ ಬ್ರೆಡ್ಡು ಮಾಡಿದರು, ಕೆಲವರು ದೇಶದ ಹಳ್ಳಿಹಳ್ಳಿಗೆ ದಾರಿ ಎಳೆದರು. ನನಗೆ ಬ್ರೆಡ್ಡು ಮಾಡಲು ಬಾರದು.

ಜುಲೈ ಮೊದಲ ಶನಿವಾರ ಒಂಬತ್ತು ಗಾಡಿಗಳು ಹೊರಟವು. ಹಿಂದಿನ ರಾತ್ರಿಯೇ ಅಡ್ಮಿನ್ ಸಾಹೇಬರು ದಾರಿಯ ಜಿಪಿಎಕ್ಸ್ ಫೈಲನ್ನು ಇಡೀ ಗುಂಪಿಗೆ ಹಂಚಿ, ಬರುವವರೂ ಬಾರದವರೂ ಇಳಿಸಿಕೊಳ್ಳಬೇಕೆಂದು ಆಜ್ಞೆ ಮಾಡಿದ್ದರು. ರಕ್ಷಿತಾರಣ್ಯಕ್ಕೆ ಅಪ್ಪಣೆಯಿಲ್ಲದೆ ನುಗ್ಗಿದರೆ ಕೇಸು ಬೀಳುತ್ತದೆ, ಆದ್ದರಿಂದ ಕಾಡು ಬಿಟ್ಟು ತೋಟಗಳ ನಡುವಿನ ದಾರಿ ಹಿಡಿಯುವುದೆಂದು ತೀರ್ಮಾನ. ಕಾಡಲ್ಲದ್ದೆಲ್ಲ ನಮ್ಮದೇ ಎಂಬ ಈ ತರ್ಕ ಆಗ ನನಗೂ ಸರಿಯೆಂದೇ ತೋರಿತು.

ಯಡಿಯೂರಿನಲ್ಲಿ ಇಡ್ಲಿ ತಿನ್ನುವಾಗಲೇ ಮೊದಲ ಅಪಶಕುನ. ಹಸಿರು ಜಿಮ್ನಿಯವರ ನೀಲಿ ಚುಕ್ಕೆ ಮನೆ ಬಿಟ್ಟು ಕದಲಿರಲಿಲ್ಲ. ಚನ್ನರಾಯಪಟ್ಟಣ ದಾಟಿದರೂ, ಹಾಸನ ದಾಟಿದರೂ ಅದು ರಾಜಾಜಿನಗರದ ಅವರ ಅಡುಗೆಮನೆಯಲ್ಲೇ ಮಿಟುಕುತ್ತಿತ್ತು. ಅವರು ತಂದದ್ದು ವೈಫೈ ಮಾದರಿ. ‘ಹೂವು ಹಾಕುವ ಬದಲು ಮೆಸೇಜು ಓದಬೇಕಿತ್ತು’ ಎಂದು ನಾನು ಅನ್ನಲಿಲ್ಲ. ಅವರ ಗಾಡಿಯಲ್ಲೇ ಕೂತಿದ್ದೆ. ಆ ದಿನ ಯಾರು ಎಲ್ಲಿರಬೇಕಿತ್ತೋ ಅಲ್ಲೇ ಇದ್ದದ್ದು ಆ ಚುಕ್ಕೆಯೊಂದೇ.

ಸಕಲೇಶಪುರ ಬಿಟ್ಟು ಹೆತ್ತೂರಿನ ಕಡೆ ತಿರುಗುವ ಹೊತ್ತಿಗೆ ಮಳೆ ಹಿಡಿಯಿತು. ಕಪ್ಪು ಥಾರ್‌ನ ಕಿಟಕಿ ಅರ್ಧ ಇಳಿದಿತ್ತು, ನಾಲ್ಕು ಹನಿ ಬಿದ್ದದ್ದೇ ಮಿಲಿಟರಿ ಟ್ಯಾಬ್ಲೆಟ್ ಅರಬ್ಬೀ ಸಮುದ್ರದ ಮೇಲೆ ಹೋಗಿ ನಿಂತಿತು. ಗೂರ್ಖಾದಲ್ಲಿ ಸಡಿಲವಾದ ಚಾರ್ಜರ್ ತಂತಿ ಪ್ರತಿ ಗುಂಡಿಗೂ ಒಮ್ಮೆ ಕಳಚಿ ಒಮ್ಮೆ ಕೂಡುತ್ತಿತ್ತು. ಒದ್ದೆ ಎಲೆಗಳ ದಟ್ಟ ನೆರಳಲ್ಲಿ ಉಪಗ್ರಹಗಳ ಸಂಕೇತ ತೆಳುವಾಗುತ್ತದೆ, ಗುಡ್ಡಕ್ಕೆ ಬಡಿದು ಸುತ್ತಿ ಬರುತ್ತದೆ. ಚುಕ್ಕೆ ಒಮ್ಮೆ ದಾರಿಯ ಮೇಲೆ, ಒಮ್ಮೆ ಹಳ್ಳದಲ್ಲಿ, ಒಮ್ಮೆ ಹಿಂದಿನ ತಿರುವಿನಲ್ಲಿ. ಎದುರಿನ ಗಾಜಿನಾಚೆ ಕಣ್ಣಳತೆಯಲ್ಲೇ ದಾರಿ ಕಾಣುತ್ತಿದ್ದರೂ ಒಂಬತ್ತು ಜನ ಚಾಲಕರೂ ತಲೆ ತಗ್ಗಿಸಿ ಪರದೆ ನೋಡುತ್ತಿದ್ದರು. ಒಂದು ಕಡೆ ಮುಂದಿನ ಗಾಡಿ ನಿಂತಿದ್ದು ಕಾಣದೆ ಹಿಂದಿನದು ಮೆಲ್ಲಗೆ ಮುತ್ತಿಟ್ಟಿತು.

ಡಾಂಬರು ಬಿಟ್ಟು ಮಣ್ಣಿನ ದಾರಿಗೆ ಇಳಿದೆವು. ಸಿಲ್ವರ್ ಮರಗಳ ಸಾಲು, ಎರಡೂ ಕಡೆ ರೊಬಸ್ಟಾ. ಟ್ಯಾಬ್ಲೆಟ್ಟಿನಲ್ಲಿ ಕಂದು ಚುಕ್ಕಿಗೆರೆ ಸಲೀಸಾಗಿ ಮುಂದಕ್ಕೆ ಹೋಗಿತ್ತು. ನೆಲದ ಮೇಲೆ ಒಂದು ಬಿದಿರಿನ ಉಣುಗೋಲು ಅಡ್ಡ ಇತ್ತು. ಗೂರ್ಖಾದವರು ಇಳಿದು, ನಕ್ಷೆಯಲ್ಲಿ ಇದು ಇಲ್ಲವಲ್ಲ ಎಂದು ಒಮ್ಮೆ ನೋಡಿ, ಬಿದಿರು ಸರಿಸಿದರು. ಒಂಬತ್ತು ಗಾಡಿಗಳ ಮೂವತ್ತಾರು ಗಾಲಿಗಳು ಹಸಿ ಮಣ್ಣಿನಲ್ಲಿ ಇಳಿದವು. ಎರಡು ತಿರುವು ದಾಟಿದ ಮೇಲೆ ಕಬ್ಬಿಣದ ಗೇಟು ಬಂತು, ಬೀಗ ಹಾಕಿತ್ತು. ಗೇಟಿನಾಚೆ ಕೊಡೆ ಹಿಡಿದು ತೋಟದ ರೈಟರು ನಿಂತಿದ್ದರು. ಗಮ್‌ಬೂಟು, ಮೊಣಕಾಲವರೆಗೆ ಕೆಸರು.

‘ಎಲ್ಲಿಗೆ ಹೊರಟ್ರಿ ಸಾರ್?’

‘ಬಿಸಿಲೆ ಕಡೆಗೆ.’

‘ಬಿಸಿಲೆಗೆ ರೋಡೇ ಐತಲ್ಲ ಸಾರ್.’

ಈ ಮಾತಿಗೆ ನಮ್ಮ ಹತ್ತಿರ ಸಿದ್ಧ ಉತ್ತರವಿರಲಿಲ್ಲ. ರಸ್ತೆ ಇರುವ ಊರಿಗೆ ರಸ್ತೆ ಬಿಟ್ಟು ಹೋಗುವುದಕ್ಕೆ ಮೂರು ತಿಂಗಳು ತಯಾರಿ ನಡೆಸಿದ್ದೇವೆ ಎಂದು ಯಾವ ಬಾಯಲ್ಲಿ ಹೇಳುವುದು? ಅಡ್ಮಿನ್ ಸಾಹೇಬರು ಟ್ಯಾಬ್ಲೆಟ್ ಕಿತ್ತು ತಂದು ಗೇಟಿನ ಸರಳುಗಳ ನಡುವೆ ತೋರಿಸಿದರು. ‘ಇಲ್ನೋಡಿ, ಮ್ಯಾಪಲ್ಲಿ ದಾರಿ ಇದೆ.’

ರೈಟರು ಅಂಗಿಯ ಅಂಚಿನಲ್ಲಿ ಕನ್ನಡಕ ಒರೆಸಿ ಹಾಕಿಕೊಂಡು ನೋಡಿದರು. ‘ಹೌದು ಸಾರ್, ದಾರಿನೇ. ನಾವೇ ಮಾಡ್ಸಿದ್ದು. ಕಣದಿಂದ ಲೈನ್ ಮನೆಗೆ. ಹೋದ ತಿಂಗಳು ಜಲ್ಲಿ ಹಾಕ್ಸಿದ್ವಿ.’ ನಮ್ಮ ಗಾಡಿಗಳ ಹಿಂದಕ್ಕೆ ಕಣ್ಣು ಹಾಯಿಸಿದರು. ಜಲ್ಲಿ ಇದ್ದ ಕಡೆ ಈಗ ಎರಡು ಕಾಲುವೆಗಳಿದ್ದವು. ‘ಈ ಗೆರೆ ಎಳೆದೋರು ಯಾರು? ಸರ್ವೆಯೋರಾ?’

ಎಲ್ಲರೂ ನನ್ನತ್ತ ತಿರುಗಿದರು. ನಕ್ಷೆ ಓದುವವನು ನಾನು ತಾನೆ.

‘ಇದನ್ನ ಸ್ವಯಂಸೇವಕರು ಎಳೀತಾರೆ’ ಎಂದೆ.

‘ಸಂಬಳ ಇಲ್ವಾ?’

‘ಇಲ್ಲ.’

‘ಅದಕ್ಕೇ’ ಎಂದರು ರೈಟರು.

ಅವರು ಜೇಬಿನಿಂದ ತಮ್ಮ ಫೋನು ತೆಗೆದರು. ಗಾಜಿನ ಮೇಲೆ ಜೇಡರ ಬಲೆಯಂತೆ ಒಡಕು, ಹಿಂದೆ ರಬ್ಬರ್ ಬ್ಯಾಂಡು. ಗೇಟಿನ ಪಕ್ಕದ ಬಂಡೆ ಹತ್ತಿ ನಿಂತರು, ಅಲ್ಲಿ ಎರಡು ಕಡ್ಡಿ ಸಿಗ್ನಲ್ ಬರುತ್ತದಂತೆ. ತೆರೆದದ್ದು ದಿಶಾಂಕ್. ರಾಜ್ಯದ ದೂರ ಸಂವೇದಿ ಕೇಂದ್ರ ಮಾಡಿದ ಬಿಟ್ಟಿ ಆಪ್. ನಿಂತ ಜಾಗದ ಸರ್ವೆ ನಂಬರು, ಗ್ರಾಮ, ಹೋಬಳಿ ಹೇಳುತ್ತದೆ, ಮುಂದಕ್ಕೆ ಒತ್ತಿದರೆ ಪಹಣಿಯಲ್ಲಿರುವ ಹೆಸರೂ ಸಿಗುತ್ತದೆ. ಮೊಂಟಾನಾದ ಬೇಟೆಗಾರರು ದುಡ್ಡು ಕೊಟ್ಟು ಪಡೆಯುವ ವಸ್ತು ಸಕಲೇಶಪುರ ತಾಲೂಕಿನ ರೈಟರ ಅಂಗಿ ಜೇಬಿನಲ್ಲಿತ್ತು. ಮೂರು ತಿಂಗಳಲ್ಲಿ ನಾವು ಹದಿನಾಲ್ಕು ಆಪ್‌ಗಳ ಹೆಸರು ಚರ್ಚಿಸಿದ್ದೆವು, ಅದರಲ್ಲಿ ಇದಿರಲಿಲ್ಲ. ಅವರು ಸರ್ವೆ ನಂಬರನ್ನೂ ಹಿಸ್ಸಾ ನಂಬರನ್ನೂ ಗಟ್ಟಿಯಾಗಿ ಓದಿ, ‘ನೀವು ನಿಂತಿರೋದು ಇಲ್ಲಿ’ ಎಂದರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಬ್ಯಾಂಕಿನಲ್ಲಿ ಟೋಕನ್ ನಂಬರು ಕೂಗುವವರ ಹಾಗಿತ್ತು.

ಆಮೇಲೆ ಮೆಸೇಜೊಂದನ್ನು ಓದಿದರು. ಆನೆ ಹಿಂಡು ಸಂಜೆಗೆ ಈ ಮಗ್ಗುಲು ದಾಟುತ್ತದೆ, ಬೇಗ ಹೊರಡಿ. ಸಕಲೇಶಪುರ, ಆಲೂರು ಸುತ್ತ ಅರಣ್ಯ ಇಲಾಖೆ ಕೆಲವು ಆನೆಗಳಿಗೆ ರೇಡಿಯೋ ಕಾಲರ್ ಹಾಕಿದೆ. ಆನೆ ಎಲ್ಲಿದೆ ಎಂಬುದು ಅದರಿಂದ ತಿಳಿದು ಊರಿನವರಿಗೆ ಸೂಚನೆ ಹೋಗುತ್ತದೆ. ಆ ಯಂತ್ರ ಕೆಸರಲ್ಲಿ ಹೊರಳಿದರೂ, ಮರಕ್ಕೆ ಉಜ್ಜಿದರೂ, ಮಳೆಯಲ್ಲಿ ನೆನೆದರೂ ನಡೆಯುತ್ತದೆ. ಅದಕ್ಕೆ ಪರದೆಯೇ ಇಲ್ಲವಲ್ಲ, ಆನೆಗೆ ತಾನೆಲ್ಲಿದ್ದೇನೆಂದು ನೋಡಿಕೊಳ್ಳುವ ಚಪಲವಿಲ್ಲ.

ಒಂಬತ್ತು ಗಾಡಿಗಳು ರಿವರ್ಸ್‌ನಲ್ಲಿ ಹಿಂದಕ್ಕೆ ಹೋದವು. ಆ ದಾರಿಯಲ್ಲಿ ತಿರುಗಿಸಲು ಜಾಗವಿರಲಿಲ್ಲ. ಹಿಂದಕ್ಕೆ ಹೋಗುವಾಗ ಯಾರೂ ಟ್ಯಾಬ್ಲೆಟ್ ನೋಡಲಿಲ್ಲ, ಎಲ್ಲರೂ ಕತ್ತು ಹೊರಳಿಸಿ ನೆಲ ನೋಡಿದರು. ಉಣುಗೋಲನ್ನು ಹಿಂದಿನಂತೆ ಅಡ್ಡ ಇಡುವ ಕೆಲಸ ನನಗೆ ಬಂತು.

ಆ ರಾತ್ರಿ ಮನೆಯಲ್ಲಿ ಕಂಪ್ಯೂಟರ್ ತೆರೆದು ಆ ಗೆರೆಯ ಮೇಲೆ ಒತ್ತಿದೆ. ಎಳೆದವರ ಹೆಸರಿನ ಜಾಗದಲ್ಲಿ ನನ್ನದೇ ಅಡ್ಡಹೆಸರು, ತಾರೀಖು ಏಪ್ರಿಲ್ 2020. ಅದರ ಅಕ್ಕಪಕ್ಕ ಇನ್ನೂ ಇಪ್ಪತ್ತಮೂರು ಗೆರೆಗಳು ನನ್ನವೇ. ಒಂದಕ್ಕೆ ಗೇಟು ಹಾಕಿದೆ, ಖಾಸಗಿ ಎಂದು ಬರೆದೆ. ಎರಡು ನಿಮಿಷದ ಕೆಲಸ. ಉಳಿದವುಗಳ ಬೀಗ ಎಲ್ಲಿದೆಯೆಂದು ರೈಟರನ್ನೇ ಕೇಳಬೇಕು, ಅವರ ನಂಬರು ತೆಗೆದುಕೊಂಡಿರಲಿಲ್ಲ.

ಗುಂಪಿಗೆ ಬರೆದೆ: ನಕ್ಷೆ ತಿದ್ದಿದ್ದೇನೆ, ಎಲ್ಲರೂ ಹೊಸದನ್ನು ಇಳಿಸಿಕೊಳ್ಳಿ, ಹಳೆಯ ಜಿಪಿಎಕ್ಸ್ ಅಳಿಸಿಬಿಡಿ. ಅಷ್ಟರಲ್ಲಿ ಅಡ್ಮಿನ್ ಸಾಹೇಬರು ಪ್ರವಾಸದ ಪರಾಮರ್ಶೆ ಹಾಕಿದ್ದರು. ಎಡವಿದ್ದು ಎಲ್ಲಿ ಎಂಬುದು ಅವರಿಗೆ ಸ್ಪಷ್ಟವಾಗಿತ್ತು: ಎಂಟು ಇಂಚು ಚಿಕ್ಕದಾಯಿತು, ಹನ್ನೊಂದು ಬೇಕು. ಅದರ ಕೆಳಗೆ ಅರವತ್ತೇಳು ಸಂದೇಶಗಳು, ನಿಟ್ ಲೆಕ್ಕ ಮತ್ತೆ ಮೊದಲಿನಿಂದ. ನನ್ನ ಸಂದೇಶಕ್ಕೆ ಹೆಬ್ಬೆಟ್ಟು ಒತ್ತಿದವರು ಒಬ್ಬರೇ, ಹಸಿರು ಜಿಮ್ನಿಯವರು. ಅವರ ಟ್ಯಾಬ್ಲೆಟ್ಟಿನಲ್ಲಿ ಹೊಸ ನಕ್ಷೆ ಆಗಲೇ ಇಳಿದಿತ್ತು. ಅದು ಅಡುಗೆಮನೆಯ ವೈಫೈ ಬಿಟ್ಟು ಎಲ್ಲಿಗೂ ಹೋಗಿರಲೇ ಇಲ್ಲವಲ್ಲ.